ಕೊನೆಯ ಪುಟದ ಎರಡನೆಯ ಹೆಸರು

“ಒಂದು ಹೆಸರು ತೆಗೆದುಬಿಟ್ರೆ ಯಾರಿಗೆ ಗೊತ್ತಾಗತ್ತೆ?”

ಎಲ್ಡನ್ ಪ್ರೇಟರ್ ಅದನ್ನು ಗಟ್ಟಿಯಾಗಿಯೇ ಕೇಳಿದ. ಕಾರಿನಲ್ಲಿ ಅವನ ಹೊರತು ಯಾರೂ ಇರಲಿಲ್ಲ. ಪಕ್ಕದ ಸೀಟಿನ ಮೇಲೆ ಹೆಂಡತಿ ವರ್ನಾ ಬಿಟ್ಟುಹೋದ ಉಣ್ಣೆಯ ಶಾಲು, ಗಾಜಿನಾಚೆ ಆಸ್ಪತ್ರೆಯ ನೆಲಮಾಳಿಗೆಯ ಹಳದಿ ಕಂಬ. ಮಾತು ಗಾಜಿಗೆ ಬಡಿದು ವಾಪಸು ಬಂದಾಗ ಅದು ತನ್ನ ದನಿಯಲ್ಲ, ಅಪ್ಪನದು ಅನ್ನಿಸಿ ಮೈ ಜುಮ್ಮೆಂದಿತು. ಕೊನೆಯ ಪದವನ್ನು ತುಸು ಎತ್ತಿ, ಎತ್ತಿದಲ್ಲೇ ಬಿಟ್ಟು, ಇನ್ನೊಬ್ಬರು ಹಿಡಿದುಕೊಳ್ಳಲಿ ಎಂದು ಕಾಯುವ ಧಾಟಿ ಅದು. ಅವನು ಬೆಳೆದ ಕೆಂಟಕಿಯ ಗಣಿಕಣಿವೆಯ ಹಲಗೆಗೋಡೆಯ ಚರ್ಚಿನಲ್ಲಿ ಹಾಡಿನ ಪುಸ್ತಕ ಇದ್ದದ್ದು ಒಂದೇ, ಅಪ್ಪನ ಕೈಯಲ್ಲಿ. ಅಪ್ಪ ಒಂದು ಸಾಲು ಹೇಳಿಕೊಡುತ್ತಿದ್ದ. ಜನ ಅದನ್ನೆತ್ತಿಕೊಂಡು, ಬೆನ್ನ ಮೇಲೆ ಹೊರೆ ಹೊತ್ತು ದಿಣ್ಣೆ ಏರುವವರ ಹಾಗೆ ನಿಧಾನಕ್ಕೆ ಎಳೆದು ಹಾಡುತ್ತಿದ್ದರು. ಆಮೇಲೆ ಅಪ್ಪ ಮುಂದಿನ ಸಾಲು. ವಾದ್ಯವಿಲ್ಲ, ತಾಳವಿಲ್ಲ. ಹೇಳಿಕೊಟ್ಟ ಸಾಲಿಗೂ ಎತ್ತಿಕೊಂಡ ದನಿಗೂ ನಡುವೆ ಒಂದು ಉಸಿರಿನಷ್ಟು ಜಾಗ. ಆ ಜಾಗದಲ್ಲಿ ದೇವರು ಕೂತಿರ್ತಾನೆ ಅನ್ನುತ್ತಿದ್ದ ಅಪ್ಪ. ಈಗ ನೆಲಮಾಳಿಗೆಯಲ್ಲಿ ಎಲ್ಲೋ ಒಂದು ಪಂಪು ಗುಂಯ್‌ಗುಟ್ಟುತ್ತಿತ್ತು, ಅಷ್ಟೆ. ಗಂಟೆ ಒಂಬತ್ತೂಮುಕ್ಕಾಲು. ಹೆಸರು ಬೇಡ ಅನ್ನುವವರು ಹನ್ನೆರಡರೊಳಗೆ ಹೇಳಬೇಕು. ಎರಡಕ್ಕೆ ದಾವೆ ಕೋರ್ಟಿಗೆ ಹೋಗುತ್ತದೆ.

ಹೆಸರು ತೆಗೆಯುವ ಮಾತು ನೆನ್ನೆಯದಲ್ಲ, ಮೊನ್ನೆಯದಲ್ಲ. ಅವನ ವಕೀಲ ಸಂಸ್ಥೆಯ ಮೇಲೆ ದೇಶದ ಅಧ್ಯಕ್ಷರ ಆಜ್ಞೆ ಹೊರಬಿದ್ದ ದಿನದಿಂದಲೂ ಅದು ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಇತ್ತು. ಆದರೆ ಈ ಬೆಳಿಗ್ಗೆ ಗೇಟಿನಲ್ಲಿ ನಡೆದದ್ದು ಬೇರೆಯೇ. ಇದು ಸರ್ಕಾರದ ಸಂಶೋಧನಾ ಆಸ್ಪತ್ರೆ. ವರ್ನಾಳ ರಕ್ತದ ಕಾಯಿಲೆಗೆ ಇವರು ಹನಿಹನಿಯಾಗಿ ಏರಿಸುವ ಮದ್ದು ಇನ್ನೂ ಪ್ರಯೋಗದಲ್ಲಿದೆ, ಪೇಟೆಯಲ್ಲಿ ಸಿಗುವುದಿಲ್ಲ, ದುಡ್ಡಿಗೂ ಸಿಗುವುದಿಲ್ಲ. ಹದಿನಾಲ್ಕು ತಿಂಗಳಿಂದ ಹದಿನೈದು ದಿನಕ್ಕೊಂದು ಬುಧವಾರ ಅವನು ಇದೇ ಗೇಟಿನಲ್ಲಿ ಕಾರು ನಿಲ್ಲಿಸಿದ್ದಾನೆ, ಇಬ್ಬರ ಗುರುತಿನ ಚೀಟಿ ಕೊಟ್ಟಿದ್ದಾನೆ. ಇಂದು ಕಾವಲಿನವನು ಹಲಗೆಗೆ ಸಿಕ್ಕಿಸಿದ ಒಂದು ಹಾಳೆ ಕಿಟಕಿಯೊಳಗೆ ಚಾಚಿದ. ಹೆಸರು, ಕಾರಿನ ನಂಬರು, ರೋಗಿಗೆ ಏನಾಗಬೇಕು, ಕೆಲಸ ಮಾಡುವ ಜಾಗ. ಈ ಕೊನೆಯ ಕಾಲಂ ಮೊದಲೂ ಇತ್ತೋ, ಹೊಸದೋ? ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. ಆಜ್ಞೆಯಲ್ಲಿ ಆ ಸಾಲು ಇದ್ದದ್ದು ಮಾತ್ರ ಅಕ್ಷರ ಅಕ್ಷರವಾಗಿ ಹೊಳೆಯಿತು: ಈ ಸಂಸ್ಥೆಯ ಯಾವುದೇ ನೌಕರ ಸರ್ಕಾರಿ ಕಟ್ಟಡಗಳನ್ನು ಪ್ರವೇಶಿಸದಂತೆ ಇಲಾಖೆಗಳು ನಿರ್ಬಂಧಿಸತಕ್ಕದ್ದು. ಹಿಂದೆ ಒಂದು ಕಾರು ಹಾರ್ನ್ ಮಾಡಿತು. “ಬರೀದಿದ್ರೆ ಬಾಯಲ್ಲೇ ಹೇಳಿ ಸರ್, ನಾನೇ ಬರ್ಕೋತೀನಿ,” ಅಂದ ಕಾವಲಿನವನು. “ಕೆಲಸ ಎಲ್ಲಿ?”

“ರಿಟೈರ್ಡ್.”

“ಅದೃಷ್ಟವಂತರು ಬಿಡಿ. ನನಗಿನ್ನೂ ಹನ್ನೊಂದು ವರ್ಷ ಇದೆ.” ಅವನು ಬರೆದುಕೊಂಡ. ಅಡ್ಡಕಂಬ ಮೇಲಕ್ಕೆ ಹೋಯಿತು. ಇಷ್ಟೇ. ಸುಳ್ಳು ಇಷ್ಟು ಸಣ್ಣದಿರುತ್ತದೆ, ಬಾಯಿಂದ ಜಾರಿದ್ದು ಗೊತ್ತಾಗದ ಹಾಗೆ, ಅನ್ನುವುದು ನಲವತ್ತು ವರ್ಷ ಸಾಕ್ಷಿಗಳನ್ನು ಪಾಟೀಸವಾಲು ಮಾಡಿದ ಅವನಿಗೆ ಗೊತ್ತಿರಲಿಲ್ಲ. ನರ್ಸು ಸೂಜಿ ಚುಚ್ಚಿ, ಕೊಳವೆ ಸರಿಮಾಡಿ, ಪರದೆ ಎಳೆದು ಹೋದ ಮೇಲೆ, ವರ್ನಾ ಕಣ್ಣು ಮುಚ್ಚಿಕೊಂಡೇ ಕೇಳಿದಳು: “ರಿಟೈರ್ ಆಗಿದ್ದು ಯಾವತ್ತು? ಹೇಳಿದ್ರೆ ಒಂದು ಕೇಕಾದ್ರೂ ಮಾಡ್ತಿದ್ದೆ.”

“ವರ್ನಾ, ನಿನಗೆ ಗೊತ್ತಲ್ಲ. ಅವರು ಈ ಗೇಟಲ್ಲಿ ನನ್ನ ತಡೆದ್ರೆ ನಿನ್ನ...”

“ನಾನು ಟ್ಯಾಕ್ಸಿ ಮಾಡ್ಕೊಂಡು ಬರ್ತೀನಿ. ಕಾಲು ಇನ್ನೂ ಇದೆ.”

“ನಿನ್ನ ಹೆಸರನ್ನೇ ಪಟ್ಟಿಯಿಂದ ತೆಗೆದ್ರೆ?”

ಅವಳು ಕಣ್ಣು ತೆರೆದಳು. ಮದ್ದಿನಿಂದ ಹಳದಿಗಟ್ಟಿದ ಕಣ್ಣು. ಅದರೊಳಗಿನ ನೋಟ ಮಾತ್ರ ಹಳೆಯದೇ, ಸ್ಕೂಲು ಮಕ್ಕಳ ಸುಳ್ಳು ಕೇಳಿ ಕೇಳಿ ಪಳಗಿದ್ದು. “ಹೆದರ್ಕೋ ಎಲ್ಡನ್. ನಾನೇನು ಬೇಡ ಅನ್ನಲ್ಲ. ನಾನೂ ಹೆದರಿದೀನಿ. ಆದ್ರೆ ನನ್ನ ಹೆಸರಲ್ಲಿ ಹೆದರ್ಬೇಡ. ನಿನ್ನ ಹೆಸರಲ್ಲೇ ಹೆದರ್ಕೋ.” ಆಮೇಲೆ ಮೂರು ಗಂಟೆಗೆ ಬರುವಾಗ ಶುಂಠಿ ಬಿಸ್ಕತ್ತು ತಾ ಅಂದಳು.

ಅವನು ಕಾರನ್ನು ಕಚೇರಿಯತ್ತ ಹೊರಡಿಸಿದ. ಊರೊಳಗೆ ವಸಂತದ ಹೂ ನೋಡಲು ಬಂದವರ ಬಸ್ಸುಗಳು ರಸ್ತೆ ತುಂಬಿದ್ದವು. ಪ್ರತಿ ಕೆಂಪು ದೀಪಕ್ಕೂ ಅವನು ಹಿಂದಿನ ಕಾರನ್ನು ಕನ್ನಡಿಯಲ್ಲಿ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ. ಆದರೆ ಕುಂಬಳಕಾಯಿ ಕದ್ದವರು ಯಾರು? ಆರು ವರ್ಷದ ಹಿಂದೆ ಅವರ ಸಂಸ್ಥೆ ಒಂದು ಜಿಲ್ಲೆಯ ಚುನಾವಣಾ ಗುಮಾಸ್ತರ ಪರವಾಗಿ, ಅಧ್ಯಕ್ಷರ ಪಕ್ಷದ ವಿರುದ್ಧ, ಬಿಡಿಕಾಸು ಪಡೆಯದೆ ವಾದಿಸಿ ಗೆದ್ದಿತ್ತು. ಅಷ್ಟೇ ಕದ್ದದ್ದು. ಅದಕ್ಕೆ ಈಗ ನಾಲ್ಕು ಪುಟದ ಆಜ್ಞೆ: ಲುಬಿನ್ ಡ್ರಮ್‌ಗೂಲ್ ಎಂಬ ಈ ವಕೀಲ ಸಂಸ್ಥೆಯ ನಡತೆ ದೇಶದ ಹಿತಕ್ಕೆ ವಿರುದ್ಧ, ಇದರ ವಕೀಲರು ಗುಪ್ತ ಕಡತ ನೋಡುವ ಪರವಾನಗಿ ರದ್ದು, ಇದರ ಜೊತೆ ವ್ಯವಹಾರ ಇಟ್ಟುಕೊಂಡ ಕಂಪನಿಗಳು ಸರ್ಕಾರಕ್ಕೆ ತಿಳಿಸತಕ್ಕದ್ದು. ಮೊದಲ ವಾರ ನಗಾಡಿದರು. ಎರಡನೆಯ ವಾರ ಕಕ್ಷಿದಾರರು ಒಬ್ಬೊಬ್ಬರೇ ಫೋನ್ ಮಾಡಿದರು, ಮನೆಮಂದಿಯ ಆರೋಗ್ಯ ವಿಚಾರಿಸಿದರು, ಆಮೇಲೆ ಕಡತ ವಾಪಸು ಕೇಳಿದರು. ಹದಿನೇಳು ವರ್ಷ ಅವನ ಜೊತೆಗಿದ್ದ ಹಡಗುಕಟ್ಟೆಯ ಯಜಮಾನ ಅಂದಿದ್ದ, “ಸಂಸ್ಥೆ ಕಾದಾಡ್ಲಿ ಎಲ್ಡನ್, ಸಂಸ್ಥೆಗೆ ಮುಖ ಇಲ್ಲ. ದಾವೆ ಕೆಳಗೆ ಹೆಸರು ಹಾಕ್ತಾರಲ್ಲ, ಆ ಹೆಸರುಗಳ್ದು ಬೇರೆ ಪಟ್ಟಿ ಮಾಡ್ತಾರಂತೆ. ನೀನು ಹುಷಾರು.” ಮಾಡ್ತಾರಂತೆ. ಈ ‘ಅಂತೆ’ಯನ್ನು ಕೋರ್ಟಿನಲ್ಲಿ ಯಾವ ಜಡ್ಜೂ ಸಾಕ್ಷಿ ಎಂದು ಒಪ್ಪುವುದಿಲ್ಲ. ಎದೆ ಒಪ್ಪಿಕೊಂಡಿತ್ತು.

ಆಜ್ಞೆಯ ವಿರುದ್ಧ ದಾವೆ ಹೂಡಲು ಹನ್ನೊಂದು ಸಂಸ್ಥೆಗಳನ್ನು ಕೇಳಿದರೂ ಇವರ ಪರ ನಿಲ್ಲಲು ಯಾರೂ ಒಪ್ಪಲಿಲ್ಲ. ತಮ್ಮ ದಾವೆಗೆ ತಾವೇ ವಕೀಲರಾಗಬೇಕಾಯಿತು. ಪಾಲುದಾರರ ಸಭೆಯಲ್ಲಿ ಹ್ಯಾರಿಯೆಟ್ ಲುಬಿನ್, ಸಂಸ್ಥೆ ಕಟ್ಟಿದವನ ಮಗಳು, ಅರವತ್ತೆಂಟರ ಗಿಡ್ಡ ಹೆಂಗಸು, “ದಾವೆಗೆ ಒಪ್ಪೋರು ಕೈ ಎತ್ತಿ,” ಅಂದಳು. ಅವನ ಕೈ ಮೇಲಿತ್ತು. ಎತ್ತಿದವನು ತಾನೋ, ಅಕ್ಕಪಕ್ಕದ ಕೈಗಳ ಜೊತೆ ಅದೇ ಎದ್ದಿತೋ? ಆಮೇಲೆ ದಾವೆಯ ನಾಲ್ಕನೆಯ ಭಾಗ ಬರೆದವನೂ ಅವನೇ. ಸಂಸ್ಥೆಯಲ್ಲಿ ಅವನಷ್ಟು ಚೆನ್ನಾಗಿ ಬರೆಯುವವರಿಲ್ಲ. ಆ ಮೂರು ದಿನ ಅವನಿಗೆ ಹೆದರಿಕೆ ಆಗಲಿಲ್ಲ. ವಾಕ್ಯ ಕಟ್ಟುವಾಗ ಅವನಿಗೆ ಯಾವತ್ತೂ ಹೆದರಿಕೆಯಿಲ್ಲ. ಹೆದರಿಕೆ ಶುರುವಾಗುವುದು ವಾಕ್ಯ ಮುಗಿದು ಕೆಳಗೆ ಹೆಸರು ಬರುವ ಜಾಗದಲ್ಲಿ.

ಕಚೇರಿಯ ಲಿಫ್ಟಿನಲ್ಲಿ ಗ್ರೇಡಿ ಹೋಲ್ಟ್ ಸಿಕ್ಕ. ತೆರಿಗೆ ವಿಭಾಗದ ಪಾಲುದಾರ, ದಪ್ಪ, ನಗೆಗಾರ. “ಏನಪ್ಪಾ, ನಿಂದು ಎಷ್ಟನೇ ಹೆಸರು?”

“ಎರಡನೇದು.”

“ನಂದು ಒಂಬತ್ತು. ನೇಣು ಹಾಕೋವಾಗ ಹಿರಿತನ ನೋಡ್ತಾರೋ ಅಕ್ಷರಕ್ರಮವೋ? ಅಕ್ಷರಕ್ರಮ ಆದ್ರೆ ‘ಪಿ’ಗಿಂತ ‘ಎಚ್’ ಮುಂಚೆ, ನಾನು ನಿನಗಿಂತ ಮುಂಚೆ ಕಣೋ!” ಅವನೇ ಗಟ್ಟಿಯಾಗಿ ನಕ್ಕ. ಎಲ್ಡನ್ ಕೂಡ ನಕ್ಕ. ನಗು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖದ ಮೇಲೇ ಉಳಿಯಿತು. ಗ್ರೇಡಿಯ ಹಣೆಯಲ್ಲಿ ಬೆವರಿತ್ತು. ಹೆದರಿಯೂ ನಗಬಲ್ಲವನ ಮೇಲೆ ಎಲ್ಡನ್‌ಗೆ ಸಿಟ್ಟು ಬಂತು, ಸಾಲ ಕೇಳಿದವನ ಮೇಲೆ ಬರುವಂಥ ಸಿಟ್ಟು.

ಹಜಾರದಲ್ಲಿ ಹ್ಯಾರಿಯೆಟ್ ಬೇಯಿಸಿದ ಮೊಟ್ಟೆ ತಿನ್ನುತ್ತ ನಿಂತಿದ್ದಳು. ಸಿಪ್ಪೆಯನ್ನು ಅಂಗೈಯಲ್ಲೇ ಇಟ್ಟುಕೊಂಡಿದ್ದಳು. “ಬಂದ್ಯಾ? ವರ್ನಾ ಹೇಗಿದಾಳೆ? ನೋಡು, ನಾಲ್ಕನೇ ಭಾಗದ ಆ ಮಾತು, ‘ವಕೀಲನನ್ನು ಹೆದರಿಸಿದರೆ ಸಾಕು, ಕಕ್ಷಿದಾರನನ್ನು ಮುಟ್ಟಬೇಕಾದ ಅಗತ್ಯವೇ ಇರುವುದಿಲ್ಲ’ ಅಂತ ಬರ್ದಿದೀಯಲ್ಲ, ನೆನ್ನೆ ನನ್ನ ಗಂಡನಿಗೆ ಓದಿದೆ. ಚಮಚ ಕೆಳಗಿಟ್ಟ. ನಲವತ್ತು ವರ್ಷದಲ್ಲಿ ಆ ಮನುಷ್ಯ ಊಟದ ಮಧ್ಯೆ ಚಮಚ ಕೆಳಗಿಟ್ಟಿದ್ದು ನಾನು ನೋಡಿಲ್ಲ.” ಆಮೇಲೆ ದನಿ ತಗ್ಗಿಸಿ ಅಂದಳು, “ಹೆಸರು ಬೇಡ ಅನ್ನೋರು ಹನ್ನೆರಡರೊಳಗೆ ಬಂದು ನನ್ನ ಹತ್ರ ಒಂದು ಮಾತು ಹೇಳ್ಲಿ ಅಂದಿದ್ದೆ. ಇಬ್ರು ಬಂದು ಹೇಳಿದ್ರು. ಕಾಫಿ ಕೊಟ್ಟು ಕಳಿಸ್ದೆ. ನಾನು ಯಾರನ್ನೂ ಏನೂ ಅನ್ನೋದಿಲ್ಲ ಎಲ್ಡನ್. ಅವರವರ ಮನೆ ಅವರವರಿಗೆ.”

ಬಾಗಿಲು ಇಷ್ಟು ಅಗಲಕ್ಕೆ ತೆರೆದಿತ್ತು. ಒಳಗೆ ಕಾಲಿಟ್ಟು, ‘ಹ್ಯಾರಿಯೆಟ್, ನನ್ನದೂ ತೆಗೆಯಿರಿ’ ಅಂದರೆ ಮುಗಿಯಿತು. ಅವಳು ಕೈಯೊರಸಿಕೊಂಡು ಕಾಫಿ ತರಿಸುತ್ತಾಳೆ. ಅವನು ಬಾಯಿ ತೆರೆದ. “ಆ ವಾಕ್ಯದಲ್ಲಿ,” ಅಂದ, “ಒಂದು ಅಲ್ಪವಿರಾಮ ಹೆಚ್ಚಾಗಿದೆ ಅನ್ಸತ್ತೆ.”

“ನೋಡಿ ತೆಗ್ಸು,” ಅಂದಳು ಅವಳು, ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ. ಮೊಟ್ಟೆಯ ಸಿಪ್ಪೆ ಅಂಗೈಯಲ್ಲಿ ಪುಡಿಯಾದ ಸದ್ದು ಕೇಳಿಸಿತು.

ಅವನ ಕೋಣೆಯ ಹೊರಗಿನ ಮೇಜು ಅವನ ಕಾರ್ಯದರ್ಶಿ ಒಡೆಸ್ಸಾ ಟಿಲ್ರಿಯದು. ಇಪ್ಪತ್ತೇಳು ವರ್ಷದಿಂದ ಅಲ್ಲೇ ಇದ್ದಾಳೆ. ಅವನ ಕೈಬರಹ ಅವನಿಗೇ ಓದಲು ಬಾರದಿದ್ದಾಗ ಅವಳು ಓದುತ್ತಾಳೆ. ಈ ಊರಲ್ಲೇ ಹುಟ್ಟಿ ಬೆಳೆದ ಕರಿಯ ಹೆಂಗಸು. ಅವಳ ಅಜ್ಜ ಇದೇ ಬೀದಿಯ ಹೋಟೆಲಿನಲ್ಲಿ ಮುಂದಿನ ಬಾಗಿಲಿನಿಂದ ಒಳಗೆ ಹೋಗಲಾಗದೆ ಹಿಂಬಾಗಿಲಿನಿಂದ ಹೋಗಿ ಮೂವತ್ತು ವರ್ಷ ತಟ್ಟೆ ತೊಳೆದಿದ್ದನಂತೆ. ಅದನ್ನವಳು ಹೇಳಿದ್ದು ಒಂದೇ ಸಲ, ಹವಾಮಾನ ಹೇಳುವ ಹಾಗೆ. ದೊಡ್ಡ ದಾವೆ ಯಾವುದೇ ಇರಲಿ, ಕೋರ್ಟಿಗೆ ಹೋಗುವ ಮೊದಲು ಅವರಿಬ್ಬರೂ ಕೂತು ಅದನ್ನು ಬಾಯಿಬಿಟ್ಟು ಓದುವುದು ಪದ್ಧತಿ. ಅವಳು ಒಂದೊಂದೇ ಸಾಲು ಓದುತ್ತಾಳೆ, ಅಲ್ಪವಿರಾಮ ಪೂರ್ಣವಿರಾಮವನ್ನೂ ಬಿಡದೆ. ಅವನು ತನ್ನ ಪ್ರತಿಯಲ್ಲಿ ಬೆರಳಿಟ್ಟು ನೋಡಿ ‘ಸರಿ’ ಅನ್ನುತ್ತಾನೆ. ‘ಸರಿ’ ಬರದೆ ಅವಳು ಮುಂದಿನ ಸಾಲಿಗೆ ಹೋಗುವುದಿಲ್ಲ. ಹೊಸಬರು ಇದನ್ನು ಕಂಡು ನಗುತ್ತಾರೆ. ಯಂತ್ರ ಹಿಡಿಯದ ಎಷ್ಟೋ ತಪ್ಪುಗಳನ್ನು ಅವಳ ದನಿ ಹಿಡಿದಿದೆ.

“ಕೂತ್ಕೊಳ್ಳಿ ಸರ್. ಇಪ್ಪತ್ತು ಪುಟ ಇದೆ, ಗಂಟೆ ಹನ್ನೊಂದಾಯ್ತು.” ಅವನ ಹಿಂದೆಯೇ ಕೋಣೆಯೊಳಗೆ ಬಂದು ಅವಳು ಕನ್ನಡಕ ಏರಿಸಿದಳು. “ಓದೋಕೆ ಮುಂಚೆ ಒಂದು ಮಾತು. ನೆನ್ನೆ ಸಂಜೆ ಕೊನೇ ಪುಟದಲ್ಲಿ ನಿಮ್ಮ ಬೆರಳು ಜಾರಿತ್ತು ಅಂತ ಕಾಣತ್ತೆ.”

“ಏನು?”

“ನಿಮ್ಮ ಹೆಸರು ಅಳಿಸ್ಹೋಗಿತ್ತು. ಐದೂ ನಲವತ್ತೆರಡಕ್ಕೆ. ಐದೂ ನಲವತ್ತೇಳಕ್ಕೆ ವಾಪಸ್ ಬಂದಿದೆ. ಎರಡು ಕಡೇನೂ ನಿಮ್ಮ ಇನಿಷಿಯಲ್ಲು ಇದೆ. ಕಡತ ಎಲ್ಲಾನೂ ಇಟ್ಕೊಳತ್ತಲ್ಲ ಸರ್, ಯಾರು ಯಾವಾಗ ಏನು ಮುಟ್ಟಿದ್ರು ಅಂತ. ತೆರೆದು ನೋಡೋರ್ಗೆಲ್ಲ ಕಾಣತ್ತೆ.” ಅವಳು ಅವನತ್ತ ನೋಡಲಿಲ್ಲ. “ಬೆರಳು ಜಾರೋದು ಸಹಜ. ನಾನೂ ಒಂದ್ಸಲ ಒಬ್ಬ ಜಡ್ಜನ್ನೇ ಅಳಿಸಿಬಿಟ್ಟಿದ್ದೆ.”

ಕಿವಿ ಕೆಂಪಗೆ ಕಾದಿತು. ನಲವತ್ತು ವರ್ಷದ ವಕೀಲ, ಎದುರಾಳಿಗಳು ಅಳಿಸಿದ ಸಾಲುಗಳನ್ನು ಇಂಥ ಕಡತಗಳಿಂದಲೇ ಎತ್ತಿ ತೋರಿಸಿ ಕೇಸು ಗೆದ್ದವನು, ಅಡುಗೆಮನೆಯ ಮೇಜಿನ ಮುಂದೆ ಕೂತು ತನ್ನ ಹೆಸರನ್ನು ಮೆಲ್ಲಗೆ ಅಳಿಸುವಾಗ ಅದನ್ನೇ ಮರೆತಿದ್ದ. ಐದು ನಿಮಿಷ. ಪಕ್ಕದ ಕೋಣೆಯಲ್ಲಿ ವರ್ನಾ ಕೆಮ್ಮುತ್ತಿದ್ದಳು. ಆ ಐದು ನಿಮಿಷ ಎಷ್ಟು ಹಗುರಾಗಿದ್ದ, ಜ್ವರ ಬಿಟ್ಟವನಂತೆ! ಅದು ಈಗ ದಾಖಲೆಯಲ್ಲಿದೆ. ಹ್ಯಾರಿಯೆಟ್ ನೋಡಿದ್ದಾಳೆಯೆ? ಅದಕ್ಕೇ ಆ ನೋಟವೇ? ಗ್ರೇಡಿಗೆ ಗೊತ್ತಿದ್ದೇ ‘ನಿಂದು ಎಷ್ಟನೇದು’ ಅಂದನೆ?

ಅವಳು ಓದತೊಡಗಿದಳು. ಅವನು ‘ಸರಿ’ ಅನ್ನತೊಡಗಿದ. ಅವಳದು ಏರಿಳಿತವಿಲ್ಲದ ತಗ್ಗಿದ ದನಿ. ಹೊರಗೆ ಎಲ್ಲೋ ಪೊಲೀಸ್ ಗಾಡಿಯ ಕೂಗು ಹತ್ತಿರ ಬಂದು ದೂರವಾಯಿತು, ಅಷ್ಟು ಹೊತ್ತೂ ಅವನು ಉಸಿರು ಹಿಡಿದಿದ್ದ. ಸರಿ. ಸರಿ. ತನ್ನ ವಾಕ್ಯಗಳು ಅವಳ ಬಾಯಲ್ಲಿ ಬೇರೆ ಯಾರೋ ಧೈರ್ಯವಂತ ಬರೆದವುಗಳಂತೆ ಕೇಳುತ್ತಿದ್ದವು. ಚಿಕ್ಕಂದಿನ ಆ ಭಾನುವಾರವೂ ಅಪ್ಪನ ಚರ್ಚಿನ ಕಿಟಕಿಯಲ್ಲಿ ಇಂಥದೇ ಬಿಸಿಲು. ಗಣಿಯ ಸೂರು ಕುಸಿದು ಸತ್ತವನ ಹೆಂಡತಿಯ ಪರವಾಗಿ ಅಪ್ಪ ಗಣಿ ಕಂಪನಿಯ ವಿರುದ್ಧ ಜಿಲ್ಲಾ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಬಂದ ವಾರ. ಚರ್ಚಿನ ಕೊನೆಯ ಬೆಂಚಿನಲ್ಲಿ ಕಂಪನಿಯ ಮೇಲ್ವಿಚಾರಕ ಕೂತಿದ್ದ, ಮೊಣಕಾಲ ಮೇಲೆ ಟೋಪಿ, ಟೋಪಿಯ ಮೇಲೆ ಸಣ್ಣ ಪುಸ್ತಕ, ಪೆನ್ಸಿಲು. ಅಪ್ಪ ಎದ್ದುನಿಂತು ಸಾಲು ಹೇಳಿಕೊಟ್ಟ: ಹೊಳೆ ತುಂಬಿ ಬಂದಿದೆ, ಅಂಬಿಗನ ದನಿ ಕೇಳುತಿದೆ. ಯಾರೂ ಎತ್ತಿಕೊಳ್ಳಲಿಲ್ಲ. ಅರವತ್ತು ಜನ, ಎಲ್ಲರ ಗಂಡಂದಿರೂ ಮಕ್ಕಳೂ ಅದೇ ಗಣಿಯಲ್ಲಿ. ಅಪ್ಪ ಇನ್ನೊಮ್ಮೆ ಹೇಳಿಕೊಟ್ಟ. ಹತ್ತು ವರ್ಷದ ಎಲ್ಡನ್‌ಗೆ ಆ ಹಾಡು ನಿದ್ದೆಯಲ್ಲೂ ಬರುತ್ತಿತ್ತು. ನಾಲಿಗೆಯ ತುದಿಗೆ ಬಂದು ನಿಂತಿತ್ತು. ತೊಡೆಯ ಮೇಲೆ ಅಮ್ಮನ ಕೈ ಇತ್ತು. ಆ ಕೈ ಒತ್ತಿ ಹಿಡಿದಿತ್ತು, ಸುಮ್ಮನಿರು ಎಂದು, ಅಂತ ಅವನು ವರ್ನಾಗೆ ಹೇಳಿದ್ದಾನೆ, ಮಕ್ಕಳಿಗೆ ಹೇಳಿದ್ದಾನೆ, ಒಮ್ಮೆ ಭಾಷಣದಲ್ಲೂ ಹೇಳಿದ್ದಾನೆ. ಒತ್ತಿತ್ತೆ? ಕೈ ಅಲ್ಲಿತ್ತು, ಬೆಚ್ಚಗಿತ್ತು, ಸೋಪಿನ ವಾಸನೆ ಇತ್ತು. ಒತ್ತಿದ ನೆನಪನ್ನು ಹುಡುಕಿದರೆ ಸಿಗುವುದಿಲ್ಲ. ಅಪ್ಪ ಮೂರನೆಯ ಸಲ ಕಾಯಲಿಲ್ಲ. ಸಾಲು ತಾನೇ ಹೇಳಿಕೊಟ್ಟು ತಾನೇ ಎತ್ತಿಕೊಂಡು ಹಾಡಿದ, ಎಂಟು ಪದ್ಯವನ್ನೂ, ಪ್ರತಿ ಸಾಲಿನ ನಡುವೆ ಆ ಒಂದು ಉಸಿರಿನಷ್ಟು ಜಾಗ ಬಿಟ್ಟು. ಮನೆಗೆ ಬಂದು ಕಾಳಿನ ಸಾರಿಗೆ ಜೋಳದ ಬ್ರೆಡ್ಡು ಅದ್ದಿಕೊಂಡು, “ಇವತ್ತು ಉಪ್ಪು ಹದವಾಗಿ ಬಿದ್ದಿದೆ,” ಅಂದ. ಸಾಯುವ ತನಕ ಆ ಭಾನುವಾರದ ಮಾತು ಎತ್ತಲಿಲ್ಲ.

“ಸರ್.”

“ಸರಿ.”

“ಸರಿ ಅಲ್ಲ. ನಾನಿನ್ನೂ ಓದೇ ಇಲ್ಲ. ಕೊನೇ ಪುಟ.” ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಅವಳು ಹಾಳೆ ಮಗುಚಿದಳು. “ಗೌರವಪೂರ್ವಕವಾಗಿ ಸಲ್ಲಿಸಿದವರು, ಎರಡು ಚುಕ್ಕಿ. ಹ್ಯಾರಿಯೆಟ್ ಎಸ್. ಚುಕ್ಕಿ ಲುಬಿನ್.”

“ಸರಿ.”

“ಎಲ್ಡನ್ ಜೆ. ಚುಕ್ಕಿ ಪ್ರೇಟರ್.”

ಬೆರಳು ಅವನ ಪ್ರತಿಯಲ್ಲಿ ಅದೇ ಸಾಲಿನ ಕೆಳಗಿತ್ತು. ಅಕ್ಷರ ಸರಿಯಿತ್ತು. ಚುಕ್ಕಿ ಸರಿಯಿತ್ತು. ಗೇಟಿನ ಅಡ್ಡಕಂಬ ಕಣ್ಣ ಮುಂದೆ ಮೆಲ್ಲಗೆ ಕೆಳಗಿಳಿಯಿತು. ವರ್ನಾಳ ತೋಳಿನಿಂದ ಕೊಳವೆ ಬಿಚ್ಚುವ ಕೈಗಳು. ಮುಖವಿಲ್ಲದ ಕೈಗಳು, ಬಹಳ ಮರ್ಯಾದೆಯಿಂದ.

“ಎಲ್ಡನ್ ಜೆ. ಚುಕ್ಕಿ ಪ್ರೇಟರ್,” ಅಂದಳು ಒಡೆಸ್ಸಾ ಮತ್ತೊಮ್ಮೆ. ದನಿ ಮೊದಲಿನದೇ. ತಲೆಯೆತ್ತಲಿಲ್ಲ. ಕಾದಳು.

“ಮಿಸ್ ಒಡೆಸ್ಸಾ,” ಅಂದ ಅವನು. ಎದ್ದುಹೋಗಿ ಕೋಣೆಯ ಬಾಗಿಲು ಹಾಕಿ ಬಂದ. ಕೂರಲಿಲ್ಲ. “ಕೊನೇದಾಗಿ ಹೆಸರುಗಳನ್ನ ಜೋಡಿಸೋರು ನೀವೇ ಅಲ್ವಾ? ಸಾಲು ಸರಿ ಮಾಡೋದು, ಜಾಗ ಬಿಡೋದು, ಎಲ್ಲ.”

“ಹೌದು ಸರ್. ಇಪ್ಪತ್ತೇಳು ವರ್ಷದಿಂದ.”

“ಜೋಡಿಸೋವಾಗ ಒಂದು ಸಾಲು ಬಿಟ್ಟುಹೋಯ್ತು ಅಂದ್ಕೊಳ್ಳಿ. ಗಡಿಬಿಡಿಯಲ್ಲಿ. ಯಾರೂ ನಿಮ್ಮನ್ನ ಏನೂ ಅನ್ನಲ್ಲ, ನಾನೇ ನಿಂತು ಹೇಳ್ತೀನಿ, ಇಂಥ ದಿನ ಯಾರಿಗಾದ್ರೂ ಆಗೋದೇ ಅಂತ. ನಾಳೆ ನಾಡಿದ್ದು ತಿದ್ದುಪಡಿ ಕೊಟ್ಟು ಸೇರಿಸಬಹುದು. ಕೋರ್ಟು ಒಪ್ಪತ್ತೆ.” ಮಾತು ಓಡುತ್ತಿತ್ತು, ಅದರ ಹಿಂದೆ ಅವನು ಓಡುತ್ತಿದ್ದ. “ನಾನು ಮುಟ್ಟಿದ್ರೆ ನನ್ನ ಇನಿಷಿಯಲ್ಲು ಬೀಳತ್ತೆ. ವರ್ನಾ ಆ ಆಸ್ಪತ್ರೇಲಿದಾಳೆ, ನಿಮಗೆ ಗೊತ್ತಲ್ಲ. ಅವಳಿಗೋಸ್ಕರ...” ಅಲ್ಲಿ ನಿಂತ. ಆ ಹೆಸರು ಬಾಯಿಗೆ ಬಂದೊಡನೆ ಬೆಳಗಿನ ಹಳದಿ ಕಣ್ಣು ತೆರೆದುಕೊಂಡು ನೋಡಿತು. “ನನಗೆ ಹೆದರಿಕೆ ಆಗ್ತಿದೆ ಒಡೆಸ್ಸಾ,” ಅಂದ. ಇಷ್ಟು ವರ್ಷದಲ್ಲಿ ಅವಳನ್ನು ಹಾಗೆ ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಒಂದು ಸಾಲು. ನೀವು ತೆಗೆದುಬಿಡಿ.”

ಅವಳು ಕನ್ನಡಕ ತೆಗೆದು, ಅದರ ಕಾಲುಗಳನ್ನು ಒಂದೊಂದಾಗಿ ಮಡಚಿ, ಹಾಳೆಯ ಮೇಲಿಟ್ಟಳು.

“ಹ್ಯಾರಿಯೆಟ್ ಮೇಡಂ ಕೋಣೆ ಹದಿನಾಲ್ಕು ಹೆಜ್ಜೆ ದೂರ ಇದೆ ಸರ್. ಬಾಗಿಲು ತೆಗ್ದಿದೆ. ನೀವು ಹೋಗಿ ಹೇಳಿದ್ರೆ ನಾನು ನಿಮ್ಮನ್ನ ಒಂದು ಮಾತು ಅನ್ನಲ್ಲ, ಮನಸ್ಸಲ್ಲೂ ಅನ್ನಲ್ಲ. ನಿಮ್ಮ ಮನೆಯವರಿಗೋಸ್ಕರ ನಾನು ದಿನಾ ಮಂಡಿಯೂರಿ ಪ್ರಾರ್ಥನೆ ಮಾಡ್ತೀನಿ, ಇವತ್ತು ರಾತ್ರೀನೂ ಮಾಡ್ತೀನಿ.”

“ನಾನು ಕೇಳಿದ್ದು...”

“ಕೇಳಿಸ್ತು,” ಅಂದಳು ಒಡೆಸ್ಸಾ. “ತೆಗೆಯೋಲ್ಲ.”